ಹಳೆಯ ಮಿನಿವ್ಯಾನ್‌ನ ಅದುರಾಟ: ತಪ್ಪು ಮೌಂಟಿನದೋ, ಎಂಜಿನ್ನಿನದೋ?

ಕೆಂಪು ದೀಪದಲ್ಲಿ ಗಾಡಿ ನಿಂತಿದೆ. ಆಟೊಮ್ಯಾಟಿಕ್ ಗೇರ್ ಡಿಯಲ್ಲಿದೆ (ಡ್ರೈವ್), ಕಾಲು ಬ್ರೇಕಿನ ಮೇಲಿದೆ. ಸ್ಟೇರಿಂಗ್ ಅದುರುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪಗಳು ಕಲಸಿಹೋಗುತ್ತವೆ, ನಡು ಸಾಲಿನ ಸೀಟು ಗುಂಯ್ ಅನ್ನುತ್ತದೆ. ಎನ್‌ಗೆ (ನ್ಯೂಟ್ರಲ್) ತಂದರೆ ಅರ್ಧಕ್ಕರ್ಧ ಇಳಿಯುತ್ತದೆ. ಹತ್ತು ವರ್ಷ ದಾಟಿದ, ಮುಂದಿನ ಚಕ್ರ ಎಳೆಯುವ ಮಿನಿವ್ಯಾನ್‌ಗಳಲ್ಲಿ ಇದು ಮಾಮೂಲಿ ದೂರು. ಸಿಗುವ ಉತ್ತರವೂ ಮಾಮೂಲಿ, ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಮೆತ್ತೆಯ ಮೇಲೆ ದೂರು: "ಮೌಂಟ್ ಹೋಗಿದೆ, ಬದಲಿಸಿ." ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ನಾಲ್ಕೂ ಮೌಂಟ್ ಹೊಸದು ಹಾಕಿಸಿಯೂ ಅದುರಾಟ ಹಾಗೇ ಉಳಿದ ಗಾಡಿಗಳಿಗೆ ಬರವಿಲ್ಲ.

ಮೌಂಟ್ ತಾನಾಗಿ ಅದುರಾಟ ಹುಟ್ಟಿಸುವುದಿಲ್ಲ. ಎಂಜಿನ್ ಹುಟ್ಟಿಸಿದ್ದನ್ನು ಗಾಡಿಯ ಮೈಗೆ, ಅಂದರೆ ಬಾಡಿಗೆ, ಮುಟ್ಟದಂತೆ ನುಂಗಿಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಹುಟ್ಟಿಸುತ್ತಿರುವುದು ಯಾರು, ದಾಟಿಸುತ್ತಿರುವುದು ಯಾರು? ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಕೈ ಹಾಕಿದರೆ ದುಡ್ಡು ದಂಡ.

ಮೌಂಟ್ ಸಾಯುವುದು ಎರಡು ಬಗೆಯಲ್ಲಿ

ಎಂಜಿನ್ ಅಡ್ಡ ಕೂತಿರುವ ಮಿನಿವ್ಯಾನ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಮೌಂಟ್ ಇರುತ್ತವೆ. ಬೆಲ್ಟ್ ಇರುವ ಬದಿಯಲ್ಲೊಂದು, ಗೇರ್‌ಬಾಕ್ಸ್ ಬದಿಯಲ್ಲೊಂದು: ಇವೆರಡೂ ಭಾರ ಹೊರುವವು. ರೇಡಿಯೇಟರ್ ಕಡೆ ಮುಂದೊಂದು, ಫೈರ್‌ವಾಲ್ (ಎಂಜಿನ್ನಿಗೂ ಸೀಟುಗಳಿಗೂ ನಡುವಿನ ಗೋಡೆ) ಕಡೆ ಹಿಂದೊಂದು: ಇವು ಎಂಜಿನ್ ಮುಂದಕ್ಕೆ ಹಿಂದಕ್ಕೆ ಉರುಳದಂತೆ ತಡೆಯುವವು. ಕೆಲವು ವಿನ್ಯಾಸಗಳಲ್ಲಿ ಮುಂದಿನದರ ಬದಲು ಮೇಲೆ ಅಥವಾ ಕೆಳಗೆ ಒಂದು ಮೋಟು ಕಂಬಿ, ಎರಡೂ ತುದಿಯಲ್ಲಿ ರಬ್ಬರ್ ಬುಷ್ ಇರುವಂಥದ್ದು, ಈ ಕೆಲಸ ಮಾಡುತ್ತದೆ. ಭಾರ ಹೊರುವ ಮೌಂಟ್‌ಗಳಲ್ಲಿ ಒಂದಾದರೂ ಹೈಡ್ರಾಲಿಕ್ ಆಗಿರುವುದು ಹೆಚ್ಚು. ಅದರೊಳಗೆ ಗ್ಲೈಕಾಲ್ ತುಂಬಿದ ಎರಡು ಕೋಣೆಗಳಿದ್ದು, ನಡುವಿನ ಸಣ್ಣ ದಾರಿಯಲ್ಲಿ ದ್ರವ ಹಿಂದೆ ಮುಂದೆ ಓಡಾಡಿ ದೊಡ್ಡ ಓಲಾಟವನ್ನು ತಡೆಯುತ್ತದೆ.

ಮೊದಲ ಬಗೆಯ ಸಾವಿನಲ್ಲಿ ರಬ್ಬರ್ ಹರಿಯುತ್ತದೆ, ಲೋಹದಿಂದ ಬಿಟ್ಟುಕೊಳ್ಳುತ್ತದೆ, ಇಲ್ಲವೇ ದ್ರವ ಸೋರಿಹೋಗುತ್ತದೆ. ಎಂಜಿನ್ ಓಲಾಡುತ್ತದೆ. ಗೇರ್ ಹಾಕಿದಾಗ ದಡ್, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಟಕ್. ಇದನ್ನು ಹುಡುಕುವುದು ಸುಲಭ, ಏಕೆಂದರೆ ಕಣ್ಣಿಗೆ ಕಾಣುತ್ತದೆ.

ಎರಡನೆಯ ಬಗೆಯಲ್ಲಿ ರಬ್ಬರ್ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ, ಕುಗ್ಗಿ ಕೂರುತ್ತದೆ. ಎಲ್ಲೂ ಬಿರುಕಿಲ್ಲ, ಎಂಜಿನ್ ಓಲಾಡುವುದೂ ಇಲ್ಲ. ಆದರೂ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಇಡೀ ಗಾಡಿ ಗುಂಯ್‌ಗುಡುತ್ತದೆ. ಯಾವ ಮೆತ್ತೆಯೂ ತನ್ನ ಸಹಜ ಕಂಪನದ ವೇಗಕ್ಕಿಂತ ಸುಮಾರು 1.4 ಪಟ್ಟು ಹೆಚ್ಚಿನ ಕಂಪನವನ್ನು ಮಾತ್ರ ತಡೆಯಬಲ್ಲದು. ಅದಕ್ಕಿಂತ ಕೆಳಗಿನದನ್ನು ಹಾಗೇ ಬಿಡುತ್ತದೆ, ಕೆಲವೊಮ್ಮೆ ಹಿಗ್ಗಿಸುತ್ತದೆ. ರಬ್ಬರ್ ಗಟ್ಟಿಯಾದಷ್ಟೂ ಈ ಗಡಿ ಮೇಲೇರುತ್ತದೆ, ಐಡಲ್ ಕಂಪನ ಅದರ ಅಡಿಗೆ ಸಿಕ್ಕಿಬೀಳುತ್ತದೆ. "ಮೌಂಟ್ ನೋಡಿದೆ, ಚೆನ್ನಾಗೇ ಇದೆ" ಎಂಬ ಮಾತು ನಂಬಲಾಗದ್ದು ಇದಕ್ಕೇ.

ಯಾವಾಗ ಅದುರುತ್ತದೆ ಎಂಬುದೇ ಅರ್ಧ ಉತ್ತರ

ಸ್ಪ್ಯಾನರ್ ಮುಟ್ಟುವ ಮೊದಲು ಅರ್ಧ ಗಂಟೆ ಗಾಡಿ ಓಡಿಸಿ, ಕಾಗದದ ಮೇಲೆ ಬರೆದುಕೊಳ್ಳಿ. ಎಂಜಿನ್ ತಣ್ಣಗಿದ್ದಾಗ ಒಂದು ಸಲ, ಪೂರ್ತಿ ಬಿಸಿಯಾದ ಮೇಲೆ ಇನ್ನೊಂದು ಸಲ.

ನಿಂತ ಗಾಡಿಯಲ್ಲಿ ಪಿ (ಪಾರ್ಕ್), ಆರ್ (ರಿವರ್ಸ್), ಎನ್, ಡಿ ನಾಲ್ಕರಲ್ಲೂ ಹತ್ತು ಹತ್ತು ಸೆಕೆಂಡು ಇಟ್ಟು ನೋಡಿ. ಪಿ ಮತ್ತು ಎನ್‌ನಲ್ಲಿ ನಯವಾಗಿದ್ದು ಡಿಯಲ್ಲಿ ಮಾತ್ರ ಅದುರಿದರೆ ಸಂಶಯ ಮುಂದಿನ ಹಿಂದಿನ ಮೌಂಟ್‌ಗಳ ಮೇಲೆ, ಏಕೆಂದರೆ ಗೇರ್ ಕೂತ ಕೂಡಲೇ ಎಂಜಿನ್ ಒಂದು ಕಡೆ ವಾಲಿ ಅವುಗಳ ಮೇಲೆ ಒರಗುತ್ತದೆ. ಡಿಗಿಂತ ಆರ್‌ನಲ್ಲಿ ಹೆಚ್ಚಾದರೆ ಅದನ್ನೂ ಗುರುತು ಹಾಕಿ. ಯಾವ ಮೌಂಟ್ ಎಂದು ಆಮೇಲೆ ಗೊತ್ತಾಗುತ್ತದೆ. ನಾಲ್ಕರಲ್ಲೂ ಒಂದೇ ತರ ಅದುರಿದರೆ, ಅದರಲ್ಲೂ ಹದವಿಲ್ಲದೆ ಆಗಾಗ ಎಗರಿದಂತೆ ಆದರೆ, ಮೌಂಟ್ ಮರೆತು ಎಂಜಿನ್ ನೋಡಿ.

ಈಗ ಡಿಯಲ್ಲೇ ಬ್ರೇಕ್ ಒತ್ತಿಹಿಡಿದು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ, 100ರಿಂದ 150 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುಗಳ ಎಣಿಕೆ) ಏರಿಸಿ. ಅದುರಾಟ ಮಾಯವಾದರೆ ಒಂದೋ ಐಡಲ್ ತೀರಾ ಕೆಳಗಿದೆ, ಇಲ್ಲವೇ ಗಟ್ಟಿಯಾದ ಮೌಂಟ್‌ನ ಗಡಿ ಐಡಲ್‌ವರೆಗೆ ಏರಿದೆ. ಎಸಿ ಹಾಕಿದಾಗ ಕಂಪ್ರೆಸರ್‌ನ ಹೊರೆಗೆ ಐಡಲ್ ಕುಸಿಯದೆ ಸ್ವಲ್ಪ ಏರಬೇಕು. ಕುಸಿದರೆ ಅದನ್ನು ಮೊದಲು ಸರಿಪಡಿಸಿ.

ರಸ್ತೆಯಲ್ಲಿ, ಯಾವ ವೇಗದಲ್ಲಿ ಅದುರುತ್ತದೋ ಆ ವೇಗಕ್ಕೆ ತಂದು ಎನ್‌ಗೆ ಹಾಕಿ ಗಾಡಿಯನ್ನು ಉರುಳಲು ಬಿಡಿ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆ ಬೇಕು. ಕೀಲಿ ಮಾತ್ರ ಮುಟ್ಟಬೇಡಿ: ಎಂಜಿನ್ ನಿಂತರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬಲವೂ ಇಳಿಯುತ್ತದೆ. ಅದುರಾಟ ಹಾಗೇ ಉಳಿದರೆ ಅದು ಚಕ್ರ, ಟೈರ್, ಹಬ್ ಬೇರಿಂಗ್‌ಗಳ ಕಡೆಯದು. ನಿಂತುಹೋದರೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಮೌಂಟ್ ಕಡೆಯದು.

ಎಂಜಿನ್ ನಯವಾಗಿದೆಯೆಂದು ಮೊದಲು ಸಾಬೀತಾಗಲಿ

ಆರು ಸಿಲಿಂಡರಿನ ವಿ6 ಎಂಜಿನ್ ಕ್ರ್ಯಾಂಕ್‌ನ (ಎಂಜಿನ್ನಿನ ಮುಖ್ಯ ದಂಡ) ಒಂದು ಸುತ್ತಿಗೆ ಮೂರು ಸಲ ಉರಿಯುತ್ತದೆ. 700 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 35 ಬಡಿತ. ನಾಲ್ಕು ಸಿಲಿಂಡರಿನದಾದರೆ ಸುತ್ತಿಗೆ ಎರಡು, ಅಂದರೆ ಸೆಕೆಂಡಿಗೆ 23ರಷ್ಟು. ಮೌಂಟ್ ಲೆಕ್ಕ ಹಾಕಿರುವುದು ಈ ಬಡಿತಕ್ಕೆ. ಒಂದು ಸಿಲಿಂಡರ್ ಉರಿಯದೆ ಹೋದರೆ (ಇದೇ ಮಿಸ್‌ಫೈರ್) ಎರಡು ಸುತ್ತಿಗೊಮ್ಮೆ ಎಂಜಿನ್ ಮುಗ್ಗರಿಸುತ್ತದೆ: ಸೆಕೆಂಡಿಗೆ ಆರಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ನಿಧಾನದ ಕುಲುಕಾಟವನ್ನು ಎಂಥ ಹೊಸ ಮೌಂಟೂ ತಡೆಯಲಾರದು. ಮಿಸ್‌ಫೈರ್ ಇರುವ ಗಾಡಿಗೆ ಮೌಂಟ್ ಹಾಕಿ ಪ್ರಯೋಜನವಿಲ್ಲ ಎನ್ನುವುದು ಇದೇ ಲೆಕ್ಕದ ಮೇಲೆ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಬಿಡಿ-2 ಸ್ಕ್ಯಾನರ್ ಹಾಕಿ. ಪಿ0300 ಬಂದರೆ ಹಲವು ಸಿಲಿಂಡರ್‌ಗಳಲ್ಲಿ ಹಾರಾಡುವ ಮಿಸ್‌ಫೈರ್. ಪಿ0301ರಿಂದ ಪಿ0306ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ನಂಬರ್. ಎಚ್ಚರಿಕೆ ದೀಪ ಉರಿದಿಲ್ಲವೆಂದರೆ ಮಿಸ್‌ಫೈರ್ ಇಲ್ಲವೆಂದಲ್ಲ. ಹೊಸ ತಲೆಮಾರಿನ ಗಾಡಿಗಳಲ್ಲಿ ಸ್ಕ್ಯಾನರ್‌ನ ಮೋಡ್ 06 ಒಂದೊಂದು ಸಿಲಿಂಡರಿನ ಮಿಸ್‌ಫೈರ್ ಎಣಿಕೆಯನ್ನೂ ತೋರಿಸುತ್ತದೆ. ದೀಪ ಹತ್ತುವ ಮಟ್ಟ ಮುಟ್ಟದ ಎಣಿಕೆಯೂ ಅಲ್ಲಿ ಸಿಗುತ್ತದೆ. ಒಂದೇ ಸಿಲಿಂಡರ್ ಮೇಲೆ ಸಂಶಯವಿದ್ದರೆ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಅದರ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಎಣಿಕೆ ಕಾಯಿಲಿನ ಹಿಂದೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಈ ಕ್ರಮದಲ್ಲಿ ನೋಡಿ. ಅಡ್ಡ ಕೂತ ವಿ6ರಲ್ಲಿ ಫೈರ್‌ವಾಲ್ ಕಡೆಯ ಮೂರು ಪ್ಲಗ್ ತೆಗೆಯಲು ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕಾದ ಗಾಡಿಗಳಿವೆ. ಹಿಂದೆ ಯಾರೋ ಮುಂದಿನ ಮೂರನ್ನು ಮಾತ್ರ ಬದಲಿಸಿ "ಪ್ಲಗ್ ಹೊಸದು" ಎಂದು ಕೈತೊಳೆದುಕೊಂಡಿರುವುದು ಅಪರೂಪವಲ್ಲ.

ಐಡಲ್‌ನಲ್ಲಿ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ಸ್ಕ್ಯಾನರ್‌ನಲ್ಲಿ ನೋಡಿ. ಲಾಂಗ್ ಮತ್ತು ಶಾರ್ಟ್ ಎರಡೂ ಕೂಡಿ +10 ಶೇಕಡಾ ದಾಟಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವ್ಯಾಕ್ಯೂಮ್ ಸೋರುತ್ತಿದೆ, ಅಂದರೆ ಎಂಜಿನ್ ಲೆಕ್ಕಕ್ಕೆ ಸಿಗದ ಗಾಳಿ ಎಳೆದುಕೊಳ್ಳುತ್ತಿದೆ. ಪಿಸಿವಿ ಪೈಪ್ (ಎಂಜಿನ್ನಿನೊಳಗಿನ ಹಬೆಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವುದು) ಮತ್ತು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೊದಲ ಗುಮಾನಿಗಳು. ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದ್ದರೆ ಐಡಲ್ ಬೀಳುತ್ತದೆ, ಉರಿದ ಹೊಗೆಯನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಎಂಜಿನ್ ಮುಗ್ಗರಿಸುತ್ತದೆ. ಕಂಪ್ರೆಷನ್ ಅಳೆದರೆ ಅತಿ ಕಡಿಮೆಯದು ಅತಿ ಹೆಚ್ಚಿನದರ 75 ಶೇಕಡಾಕ್ಕಿಂತ ಕೆಳಗಿರಬಾರದು.

ಟೈಮಿಂಗ್ ಬೆಲ್ಟ್ ಬದಲಿಸಿದ ಮರುದಿನದಿಂದ ಅದುರಾಟ ಶುರುವಾಗಿದ್ದರೆ ಸಂಶಯ ಎರಡು ಕಡೆ ಸಮನಾಗಿ ಹಂಚಿ. ಆ ಕೆಲಸಕ್ಕೆ ಬೆಲ್ಟ್ ಬದಿಯ ಮೌಂಟ್ ಬಿಚ್ಚಲೇಬೇಕಾಗುವ ಗಾಡಿಗಳೇ ಹೆಚ್ಚು. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರಬಹುದು, ಇಲ್ಲವೇ ಮೌಂಟನ್ನು ತಿರುಚಿದ ಹಾಗೇ ಬಿಗಿದಿರಬಹುದು. ಎರಡನೆಯದಕ್ಕೆ ಬಿಡಿಭಾಗವೇ ಬೇಡ, ಬೋಲ್ಟ್ ಸಡಿಲಿಸಿ ಮತ್ತೆ ಬಿಗಿದರೆ ಸಾಕು. ಆ ವಿಧಾನ ಕೊನೆಯ ಭಾಗದಲ್ಲಿದೆ.

ಕಣ್ಣು, ಟಾರ್ಚ್, ಕೈಗನ್ನಡಿ

ಎಂಜಿನ್ ಆರಿಸಿ, ತಣ್ಣಗಾಗಲಿ. ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಂದೊಂದೇ ಮೌಂಟ್ ನೋಡಿ. ಹಿಂದಿನದು ಮೇಲಿನಿಂದ ಬಹುತೇಕ ಕಾಣುವುದಿಲ್ಲ. ಉದ್ದ ಹಿಡಿಯ ಕನ್ನಡಿ ಬೇಕು, ಅಥವಾ ಫೋನನ್ನು ಒಳಗಿಳಿಸಿ ವಿಡಿಯೊ ಮಾಡಿಕೊಳ್ಳಿ.

ಹೈಡ್ರಾಲಿಕ್ ಮೌಂಟ್ ಒಡೆದಿದ್ದರೆ ಅದರ ಕೆಳಗೆ ಕಡುಬಣ್ಣದ ಗೆರೆ ಇಳಿದಿರುತ್ತದೆ, ಅದರ ಮೇಲೆ ಧೂಳು ಕೂತು ಹೆಪ್ಪುಗಟ್ಟಿರುತ್ತದೆ. ಎಂಜಿನ್ ಆಯಿಲ್ ಸೋರಿದ್ದಕ್ಕೂ ಇದಕ್ಕೂ ತಪ್ಪು ತಿಳಿಯಬೇಡಿ: ಆಯಿಲ್ ಆದರೆ ಮೇಲಿನಿಂದ, ವಾಲ್ವ್ ಕವರ್ ಕಡೆಯಿಂದ ಜಾಡು ಬಂದಿರುತ್ತದೆ, ಮೌಂಟಿನದಾದರೆ ಜಾಡು ಮೌಂಟಿನ ಹೊಟ್ಟೆಯಿಂದಲೇ ಶುರು. ಮೇಲಿನಿಂದ ಆಯಿಲ್ ಬೀಳುತ್ತಿದ್ದರೂ ಸುಮ್ಮನಿರುವಂತಿಲ್ಲ, ಸಹಜ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಆ ಸೋರಿಕೆ ನಿಲ್ಲಿಸದೆ ಕೆಳಗೆ ಹೊಸ ಮೌಂಟ್ ಹಾಕಿದರೆ ಅದಕ್ಕೂ ಅದೇ ಗತಿ.

ರಬ್ಬರಿನ ಮೇಲ್ಮೈಯಲ್ಲಿ ಕೂದಲಿನಂಥ ಬಿರುಕುಗಳಿದ್ದರೆ ಅದು ವಯಸ್ಸು, ಅದೊಂದೇ ದೋಷವಲ್ಲ. ಉಗುರು ಒಳಗೆ ಇಳಿಯುವ ಸೀಳು, ರಬ್ಬರ್ ಲೋಹಕ್ಕೆ ಅಂಟಿದ ಅಂಚಿನಲ್ಲಿ ಬಿಟ್ಟುಕೊಂಡ ಗೆರೆ, ನಡುವಿನ ಬೋಲ್ಟ್ ತನ್ನ ಕುಳಿಯ ಮಧ್ಯದಲ್ಲಿರದೆ ಒಂದು ಅಂಚಿಗೆ ಜಾರಿ ಕೂತಿರುವುದು: ಇವು ದೋಷ. ಇವೆಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಲೋಹಕ್ಕೆ ಲೋಹ ಉಜ್ಜಿ ಮಿರುಗುವ ಜಾಗ. ಬ್ರಾಕೆಟ್ ಅಂಚಿನಲ್ಲಿ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಅಲ್ಲಿ ರಬ್ಬರ್ ಲೆಕ್ಕಕ್ಕಿಲ್ಲ, ಎಂಜಿನ್ ನೇರ ಬಾಡಿಗೇ ತಾಗುತ್ತಿದೆ.

ಹಾಗೇ ಸುತ್ತಲೂ ಕಣ್ಣಾಡಿಸಿ. ಓಲಾಡುವ ಎಂಜಿನ್ ತನ್ನ ಜೊತೆಗಾರರನ್ನೂ ಹಾಳುಮಾಡುತ್ತದೆ: ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯ ಎಳೆಗಳು ಕಿತ್ತಿರುತ್ತವೆ, ಎಕ್ಸಾಸ್ಟ್‌ನ ಬಳುಕುವ ಜಾಲರಿ ಪೈಪ್ ಹರಿದಿರುತ್ತದೆ, ಹೋಸ್‌ಗಳು ಉಜ್ಜಿರುತ್ತವೆ.

ಬ್ರೇಕ್ ಹಿಡಿದು ಎಂಜಿನ್ನಿಗೆ ಹೊರೆ ಕೊಡುವುದು

ಇದಕ್ಕೆ ಇಬ್ಬರು ಬೇಕು. ಸಮತಟ್ಟಾದ ನೆಲ, ಗಾಡಿಯ ಮುಂದೆ ಹಿಂದೆ ಖಾಲಿ ಜಾಗ, ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ, ಹ್ಯಾಂಡ್‌ಬ್ರೇಕ್ ಪೂರ್ತಿ. ಬಾನೆಟ್ ಎತ್ತಿದೆ. ನೋಡುವವರು ಬದಿಯಲ್ಲಿ ನಿಲ್ಲಬೇಕು, ಬಂಪರ್ ಎದುರು ಅಲ್ಲ. ಬ್ರೇಕ್ ಕಾಲು ಜಾರಿದರೆ ಎರಡು ಟನ್ನಿನ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ. ಸಡಿಲ ತೋಳು, ಶಾಲು, ಜೋತುಬಿದ್ದ ವಸ್ತು ಬೆಲ್ಟಿನ ಹತ್ತಿರ ಬರಕೂಡದು.

ಒಳಗೆ ಕೂತವರು ಬ್ರೇಕನ್ನು ಬಲವಾಗಿ ಒತ್ತಿ ಡಿಗೆ ಹಾಕಿ, ಎರಡು ಮೂರು ಸೆಕೆಂಡು ಮಾತ್ರ 1,500 ಆರ್‌ಪಿಎಂವರೆಗೆ ಏರಿಸಿ ಬಿಡಲಿ. ಎನ್‌ಗೆ ತಂದು ಅರ್ಧ ನಿಮಿಷ ಬಿಟ್ಟು ಆರ್‌ನಲ್ಲಿ ಅದೇ ಮಾಡಲಿ. ಇದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಟಾರ್ಕ್ ಕನ್ವರ್ಟರ್‌ನೊಳಗಿನ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಆಯಿಲ್ ಬೇಗನೆ ವಿಪರೀತ ಬಿಸಿಯಾಗುತ್ತದೆ. ಒಂದು ಪರೀಕ್ಷೆ ಮಾಡಲು ಹೋಗಿ ಗೇರ್‌ಬಾಕ್ಸ್ ಕಳೆದುಕೊಳ್ಳಬಾರದು.

ಡಿಯಲ್ಲಿ ಚಕ್ರ ಮುಂದಕ್ಕೆ ತಿರುಗಲು ನೋಡುತ್ತದೆ, ಪ್ರತಿಯಾಗಿ ಎಂಜಿನ್ನಿನ ತಲೆ ಫೈರ್‌ವಾಲ್ ಕಡೆ ವಾಲುತ್ತದೆ, ಮುಂಭಾಗ ಮೇಲೇಳುತ್ತದೆ. ಹಾಗಾಗಿ ಡಿಯಲ್ಲಿ ಎಂಜಿನ್ ಹೆಚ್ಚು ಎದ್ದರೆ ಹರಿದಿರುವುದು ಬಹುಪಾಲು ಮುಂದಿನ ಮೌಂಟ್. ಆರ್‌ನಲ್ಲಿ ತಲೆ ರೇಡಿಯೇಟರ್ ಕಡೆ ಬಾಗಿ ಹಿಂಭಾಗ ಏಳುತ್ತದೆ. ಅಲ್ಲಿ ಹೆಚ್ಚಾದರೆ ಹಿಂದಿನದು. ಒಂದು ಬೆರಳಿನ ಅಗಲದೊಳಗೆ, ನಯವಾಗಿ ವಾಲಿ ನಯವಾಗಿ ಮರಳಿದರೆ ಚಿಂತೆಯಿಲ್ಲ. 25 ಮಿಲಿಮೀಟರ್ ದಾಟಿ ಎಗರಿದರೆ, ಅಥವಾ ಕಡಿಮೆ ಎದ್ದರೂ ಕೊನೆಯಲ್ಲಿ ದಡ್ ಎಂದು ಬಡಿದರೆ ಮೌಂಟ್ ಹೋಗಿದೆ. ಅಳತೆಗಿಂತ ಆ ಬಡಿತಕ್ಕೇ ಹೆಚ್ಚು ಬೆಲೆ ಕೊಡಿ. ಫೋನನ್ನು ಒಂದೆಡೆ ಊರಿ ನಿಧಾನಗತಿಯ ವಿಡಿಯೊ ತೆಗೆದರೆ ಕಣ್ಣು ತಪ್ಪಿಸಿಕೊಂಡದ್ದೂ ಸಿಗುತ್ತದೆ.

ಗಟ್ಟಿಯಾದ ಮೌಂಟ್ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಪಾಸಾಗುತ್ತದೆ. ಅದನ್ನು ಹಿಡಿಯಲು ಬೇರೆ ಉಪಾಯ ಬೇಕು.

ಜಾಕಿನಿಂದ ಹೊರೆ ಇಳಿಸಿ ನೋಡುವುದು

ನಾಲ್ಕೂ ಚಕ್ರ ನೆಲದ ಮೇಲಿರಲಿ, ಗೇರ್ ಪಿ, ಹ್ಯಾಂಡ್‌ಬ್ರೇಕ್ ಹಾಕಿದೆ. ಟ್ರಾಲಿ ಜಾಕಿನ ತಲೆಯ ಮೇಲೆ ಅಗಲವಾದ ದಪ್ಪ ಹಲಗೆ ಇಟ್ಟು ಎಂಜಿನ್ ಅಡಿಗೆ, ಸಂಶಯದ ಮೌಂಟ್‌ನ ಹತ್ತಿರದ ಗಟ್ಟಿ ಜಾಗಕ್ಕೆ ತನ್ನಿ. ಎಂಜಿನ್ ಆಯಿಲ್ ನಿಲ್ಲುವ ತಳದ ಸಂಪ್ ತೆಳು ತಗಡಿನದಾಗಿದ್ದರೆ ಹಲಗೆ ಅದರ ಅಂಚಿನಿಂದ ಅಂಚಿಗೆ ಮುಟ್ಟಬೇಕು, ಇಲ್ಲದಿದ್ದರೆ ತಗ್ಗು ಬಿದ್ದು ಆಯಿಲ್ ಎಳೆಯುವ ಜರಡಿ ಮುಚ್ಚಿಹೋಗುತ್ತದೆ. ಗೇರ್‌ಬಾಕ್ಸ್‌ನ ಪ್ಯಾನ್ ಮೇಲೆ ಜಾಕ್ ಇಡಲೇಬೇಡಿ.

ಎಂಜಿನ್ ಐಡಲ್‌ನಲ್ಲಿರುವಾಗ ಜಾಕನ್ನು ನಿಧಾನಕ್ಕೆ ಎತ್ತಿ; ಐದು ಮಿಲಿಮೀಟರ್ ಸಾಕು, ಹತ್ತು ದಾಟಬಾರದು. ಒಳಗೆ ಕೂತವರು ಸ್ಟೇರಿಂಗ್ ಮೇಲೆ ಕೈ ಇಟ್ಟಿರಲಿ. ಒಂದು ಹಂತದಲ್ಲಿ ಅದುರಾಟ ಥಟ್ಟನೆ ಇಳಿದರೆ ಆ ಬದಿಯ ಮೌಂಟ್ ಕುಸಿದಿದೆ, ಎಂಜಿನ್ ಅದರ ತಳಕ್ಕೆ ಬಡಿದು ಕೂತಿತ್ತು ಎಂದರ್ಥ. ಬೆಲ್ಟ್ ಬದಿ, ಗೇರ್‌ಬಾಕ್ಸ್ ಬದಿ ಎರಡರಲ್ಲೂ ಮಾಡಿ ಹೋಲಿಸಿ. ಎಂಜಿನ್ ಓಡುತ್ತಿರುವಾಗ ಯಾರೂ ಕೆಳಗೆ ನುಸುಳಕೂಡದು, ಜಾಕಿನ ಹಿಡಿ ಹೊರಗಿನಿಂದಲೇ ಆಡಿಸಿ.

ಎಂಜಿನ್ ಆರಿಸಿ ಇದೇ ರೀತಿ ಎತ್ತಿದಾಗ ಮೌಂಟ್‌ನ ರಬ್ಬರ್ ಹಿಗ್ಗಬೇಕು. ಹಿಗ್ಗದೆ ಲೋಹ ಬೇರೆ, ರಬ್ಬರ್ ಬೇರೆಯಾಗಿ ಬಾಯಿ ತೆರೆದರೆ ಸಾಕ್ಷಿ ಮುಗಿಯಿತು. ಮುಂದಿನ ಹಿಂದಿನ ಮೌಂಟ್‌ಗಳಿಗೆ ಉದ್ದನೆಯ ಸನ್ನೆಕೋಲು ಹಾಕಿ ಮೀಟಿ ನೋಡಬಹುದು. ಅಲ್ಯೂಮಿನಿಯಂ ಬ್ರಾಕೆಟ್‌ಗೆ ಊರಿ ಮೀಟಿದರೆ ಮೂಲೆ ಮುರಿಯುತ್ತದೆ, ಎಂಜಿನ್ ಅಡಿಯ ಉಕ್ಕಿನ ಚೌಕಟ್ಟಿಗೆ (ಸಬ್‌ಫ್ರೇಮ್) ಊರಿ.

ಪೈಪ್ ಅಥವಾ ವೈರ್ ಇರುವ ಮೌಂಟ್

ಮೌಂಟಿಗೆ ಸಣ್ಣ ರಬ್ಬರ್ ಪೈಪ್ ಬಂದಿದ್ದರೆ ಅದು ವ್ಯಾಕ್ಯೂಮ್‌ನಿಂದ ಮೆತ್ತಗೆ ಗಟ್ಟಿ ಆಗುವ ಜಾತಿ. ಬಹುತೇಕ ವಿನ್ಯಾಸಗಳಲ್ಲಿ ಐಡಲ್‌ನಲ್ಲಿ ವ್ಯಾಕ್ಯೂಮ್ ಸಿಕ್ಕಿ ಮೆತ್ತಗಾಗುತ್ತದೆ, ಓಡುವಾಗ ಗಟ್ಟಿಯಾಗುತ್ತದೆ. ಪೈಪ್ ಕಿತ್ತು ಕೈ ಪಂಪಿನಿಂದ ಪಾದರಸದ 15ರಿಂದ 20 ಇಂಚು ವ್ಯಾಕ್ಯೂಮ್ ಕೊಡಿ. ಒಂದು ನಿಮಿಷ ಮುಳ್ಳು ಕದಲಬಾರದು. ಇಳಿದರೆ ಒಳಗಿನ ಪೊರೆ ಹರಿದಿದೆ. ಹಾಗಿದ್ದರೆ ಆ ತೂತಿನಿಂದ ಎಂಜಿನ್ ಗಾಳಿಯನ್ನೂ ಕದಿಯುತ್ತಿರುತ್ತದೆ: ಮೇಲೆ ಹೇಳಿದ ಫ್ಯೂಯೆಲ್ ಟ್ರಿಮ್ ಏರಲು ಕಾರಣ ಮೌಂಟೇ ಆಗಿರಬಹುದು. ಮೌಂಟ್ ವ್ಯಾಕ್ಯೂಮ್ ಹಿಡಿದುಕೊಂಡರೆ, ಐಡಲ್‌ನಲ್ಲಿ ಪೈಪಿನ ಬಾಯಿಗೆ ಬೆರಳಿಟ್ಟು ಎಳೆತ ಇದೆಯೇ ನೋಡಿ. ಇಲ್ಲದಿದ್ದರೆ ವ್ಯಾಕ್ಯೂಮ್ ಬಿಡುವ ವಿದ್ಯುತ್ ವಾಲ್ವ್ (ಸೊಲೆನಾಯ್ಡ್), ಅದರ ವೈರ್, ಬಿರುಕು ಬಿಟ್ಟ ಪೈಪ್ ಇವುಗಳಲ್ಲೊಂದು. ದುಬಾರಿ ಮೌಂಟ್ ಬದಲಿಸಿದ ಮೇಲೆ ಎರಡಂಗುಲದ ಪೈಪ್ ಒಡೆದಿತ್ತೆಂದು ಗೊತ್ತಾಗುವುದಕ್ಕಿಂತ ಬೇಸರದ ಸಂಗತಿ ಕಡಿಮೆ.

ವೈರ್ ಬಂದಿರುವ ಮೌಂಟ್‌ನಲ್ಲಿ ಒಳಗೊಂದು ವಿದ್ಯುತ್ ಸುರುಳಿಯಿದ್ದು ಎಂಜಿನ್ನಿನ ಬಡಿತಕ್ಕೆ ಎದುರು ಬಡಿತ ಕೊಡುತ್ತದೆ. ಹೋಂಡಾ ಒಡಿಸ್ಸಿಯಲ್ಲಿ 2005ರ ತಲೆಮಾರಿನಿಂದ, ಹಗುರ ಹೊರೆಯಲ್ಲಿ ಕೆಲವು ಸಿಲಿಂಡರ್‌ಗಳನ್ನು ಮಲಗಿಸುವ ಮಾದರಿಗಳಲ್ಲಿ ಇಂಥ ಮೌಂಟ್‌ಗಳಿವೆ. ಇವು ಕೆಟ್ಟರೆ ಐಡಲ್‌ಗಿಂತ, ಸಮ ವೇಗದಲ್ಲಿ ಕಾಲು ಹಗುರವಾಗಿಟ್ಟು ಹೋಗುವಾಗ ಕಿವಿ ತುಂಬುವ ಗುಂಯ್ ಹೆಚ್ಚು. ಸಾಮಾನ್ಯ ಸ್ಕ್ಯಾನರ್ ಇವುಗಳ ಕೋಡ್ ತೋರಿಸದಿರಬಹುದು, ಕಂಪನಿಯ ಮಟ್ಟದ ಸ್ಕ್ಯಾನರ್ ಬೇಕು. ಪ್ಲಗ್ ತೆಗೆದು ಸುರುಳಿಯ ಓಮ್ ಅಳೆದಾಗ ಮೀಟರ್ ಅನಂತ ತೋರಿಸಿದರೆ ತಂತಿ ಹರಿದಿದೆ.

ಮೌಂಟಿನ ವೇಷ ಹಾಕುವವರು

ಇವರಲ್ಲಿ ಮೊದಲಿಗ ಒಳಗಿನ ಸಿವಿ ಜಾಯಿಂಟ್, ಅಂದರೆ ಚಕ್ರಕ್ಕೆ ಬಲ ಒಯ್ಯುವ ಆಕ್ಸಲಿನ ಬಳುಕುವ ಕೀಲು. ಗೇರ್‌ಬಾಕ್ಸ್ ಪಕ್ಕದ ಈ ಜಾಯಿಂಟ್‌ನೊಳಗೆ ಮೂರು ಉರುಳೆಗಳು ಮೂರು ಕಾಲುವೆಗಳಲ್ಲಿ ಜಾರುತ್ತವೆ. ಕಾಲುವೆ ಸವೆದು ಗುಳಿ ಬಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಮುಂಭಾಗ ಎಡಬಲಕ್ಕೆ ಕುಲುಕುತ್ತದೆ. ಕಾಲು ತೆಗೆದ ಕ್ಷಣ ನಿಂತುಹೋಗುತ್ತದೆ. ನಿಂತ ಗಾಡಿಯಲ್ಲಿ ಎಷ್ಟೇ ಹುಡುಕಿದರೂ ಸಿಗುವುದಿಲ್ಲ, ಮೌಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ತಿರುವಿನಲ್ಲಿ ಕಟಕಟ ಅನ್ನುವುದು ಹೊರಗಿನ ಜಾಯಿಂಟ್, ಅದು ಬೇರೆ ಕಥೆ. ಆದರೆ ಇಬ್ಬರಿಗೂ ನೆಂಟಸ್ತನವಿದೆ: ಮೌಂಟ್ ಕುಸಿದು ಎಂಜಿನ್ ಕೆಳಗಿಳಿದರೆ ಆಕ್ಸಲಿನ ಕೋನ ಬದಲಾಗಿ ಒಳ ಜಾಯಿಂಟ್ ಬೇಗ ಸವೆಯುತ್ತದೆ.

ಟಾರ್ಕ್ ಕನ್ವರ್ಟರ್ ಲಾಕ್ ಆಗುವಾಗಿನ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬೆಸೆಯುವಾಗಿನ) ನಡುಕ ಇನ್ನೊಬ್ಬ. 60ರಿಂದ 80 ಕಿ.ಮೀ. ವೇಗದ ಸುತ್ತಮುತ್ತ, ಹಗುರ ಕಾಲಿನಲ್ಲಿ, ಸಣ್ಣ ಸಣ್ಣ ಉಬ್ಬುಗಳ ಪಟ್ಟಿ ದಾಟಿದಂತೆ ಒಂದೆರಡು ಸೆಕೆಂಡು ಬಂದು ಹೋಗುತ್ತದೆ. ಆ ಹೊತ್ತಿಗೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ, ಲಾಕ್ ಬಿಡುತ್ತದೆ. ನಡುಕವೂ ಆಗಲೇ ನಿಂತರೆ ಗೇರ್‌ಬಾಕ್ಸ್ ಆಯಿಲ್ ನೋಡಬೇಕೇ ಹೊರತು ಮೌಂಟಲ್ಲ.

ಎಕ್ಸಾಸ್ಟ್ ಪೈಪ್ ಎಲ್ಲೋ ಬಾಡಿಗೆ ತಾಗುತ್ತಿದ್ದರೆ, ತೂಗುವ ರಬ್ಬರ್ ಹರಿದಿದ್ದರೆ, ಹೊಸ ಮೌಂಟ್ ಹಾಕಿದ ಎಂಜಿನ್ನಿನ ಕಂಪನವೂ ಆ ದಾರಿಯಲ್ಲಿ ಒಳಗೆ ಬರುತ್ತದೆ. ಸೈಲೆನ್ಸರ್ ತಣ್ಣಗಿದ್ದಾಗ ಕೈಯಿಂದ ಕುಲುಕಿ ನೋಡಿದರೆ ಎರಡು ನಿಮಿಷದ ಕೆಲಸ. ರೇಡಿಯೇಟರ್ ಕೂತಿರುವ ಸಣ್ಣ ರಬ್ಬರ್‌ಗಳು, ಸಬ್‌ಫ್ರೇಮ್ ಬುಷ್‌ಗಳು ಕೂಡ ಇದೇ ಸಾಲಿನವು. ಕ್ರ್ಯಾಂಕ್ ಪುಲ್ಲಿಯ ಒಳಗಿನ ರಬ್ಬರ್ ಪಟ್ಟಿ ಬಿಟ್ಟುಕೊಂಡರೆ ಹೊರಗಿನ ಉಂಗುರ ಓಲಾಡುತ್ತದೆ. ಅದನ್ನು ಬದಿಯಿಂದ ನೋಡಿದರೆ ಗೊತ್ತಾಗುತ್ತದೆ, ಮತ್ತು ಅದನ್ನು ಮುಂದೂಡುವಂತಿಲ್ಲ.

ಊಹೆ ಸಾಲದಿದ್ದರೆ ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ, ಫೋನನ್ನು ಸೀಟಿನ ಹಳಿಗೆ ಬಿಗಿಯಾಗಿ ಕಟ್ಟಿ. ಸೆಕೆಂಡಿಗೆ 100 ಸಲ ಅಳೆಯುವ ಫೋನ್ 50 ಹರ್ಟ್ಜ್‌ವರೆಗೆ ತೋರಿಸಬಲ್ಲದು, ನಮಗೆ ಅಷ್ಟು ಸಾಕು. 700 ಆರ್‌ಪಿಎಂ ವಿ6ನಲ್ಲಿ ದೊಡ್ಡ ಶಿಖರ 35ರಲ್ಲಿ ಕಂಡರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ, ಮೌಂಟ್ ಅದನ್ನು ದಾಟಿಸುತ್ತಿದೆ. 6ರ ಹತ್ತಿರ ಕಂಡರೆ ಮಿಸ್‌ಫೈರ್. 12ರ ಹತ್ತಿರವಾದರೆ ಕ್ರ್ಯಾಂಕ್ ಜೊತೆ ಸುತ್ತುವ ಯಾವುದೋ ಒಂದರ ತೂಕ ತಪ್ಪಿದೆ: ಪುಲ್ಲಿ ಅಥವಾ ಟಾರ್ಕ್ ಕನ್ವರ್ಟರನ್ನು ಕ್ರ್ಯಾಂಕಿಗೆ ಜೋಡಿಸುವ ತಟ್ಟೆ (ಫ್ಲೆಕ್ಸ್‌ಪ್ಲೇಟ್). ಇನ್ನು ರಸ್ತೆಯಲ್ಲಿ, 215/65 ಆರ್16 ಟೈರಿನ ಸುತ್ತಳತೆ ಸುಮಾರು 2.15 ಮೀಟರ್, 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 13 ಸುತ್ತು. ಅಲ್ಲಿ ಶಿಖರ ಕಂಡರೆ ಚಕ್ರದ ಬ್ಯಾಲೆನ್ಸ್, ಅದರ ಮೂರು ಪಟ್ಟಿನಲ್ಲಿ ಕಂಡರೆ ಮೂರು ಉರುಳೆಯ ಆ ಒಳ ಜಾಯಿಂಟ್.

ಬದಲಿಸುವಾಗ

ಒಂದು ಪೂರ್ತಿ ಹರಿದಿದ್ದರೆ ಉಳಿದವು ಅದರ ಹೊರೆಯನ್ನೂ ಹೊತ್ತಿವೆ. ಭಾರ ಹೊರುವ ಮೌಂಟ್ ಕುಸಿದ ಗಾಡಿಯಲ್ಲಿ ಮುಂದಿನ ಹಿಂದಿನವನ್ನೂ ಮತ್ತೊಮ್ಮೆ ಪರೀಕ್ಷಿಸಿ. ಎಲ್ಲ ನಾಲ್ಕನ್ನೂ ಕಣ್ಣುಮುಚ್ಚಿ ಬದಲಿಸಬೇಕಿಲ್ಲ, ಆದರೆ ಒಂದೇ ವಯಸ್ಸಿನ ರಬ್ಬರ್‌ಗಳಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಹೊಸದು ಬೇಗ ಸೊರಗುತ್ತದೆ.

ಬಿಡಿಭಾಗ ಆರಿಸುವಾಗ ಒಳಗೇನಿದೆ ನೋಡಿ. ಹೈಡ್ರಾಲಿಕ್ ಇದ್ದ ಜಾಗಕ್ಕೆ ಅದೇ ಆಕಾರದ, ಒಳಗೆ ಬರೀ ಗಟ್ಟಿ ರಬ್ಬರ್ ತುಂಬಿದ ಅಗ್ಗದ ಮೌಂಟ್ ಸಿಗುತ್ತದೆ. ಬೋಲ್ಟ್ ತೂತುಗಳು ಸರಿಯಾಗಿ ಕೂರುತ್ತವೆ, ಅದುರಾಟ ಹಳೆಯದಕ್ಕಿಂತ ಹೆಚ್ಚಾಗುತ್ತದೆ. ವ್ಯಾಕ್ಯೂಮ್ ಮೌಂಟ್ ಬದಲು ಪೈಪಿನ ತುದಿ ಸುಮ್ಮನೆ ಅಲಂಕಾರಕ್ಕಿರುವ ಮಾಲೂ ಉಂಟು. ಪಾಲಿಯುರೆಥೇನ್ ಮೌಂಟ್ ರೇಸಿಗೆ ಸರಿ, ಮಕ್ಕಳು ಮಲಗಿ ಹೋಗುವ ಗಾಡಿಗಲ್ಲ.

ಎಂಜಿನ್ನಿಗೆ ಆಧಾರ ಕೊಡದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ಮೇಲಿನಿಂದ ಹಿಡಿಯುವ ಅಡ್ಡಕಂಬಿ ಉತ್ತಮ. ಇಲ್ಲದಿದ್ದರೆ ಹಲಗೆ ಇಟ್ಟ ಜಾಕ್. ಗಾಡಿ ಎತ್ತಿದ್ದರೆ ಅದರ ಭಾರ ಸ್ಟ್ಯಾಂಡ್‌ಗಳ ಮೇಲಿರಬೇಕು. ಒಂದು ಸಲಕ್ಕೆ ಒಂದೇ ಮೌಂಟ್ ಬಿಚ್ಚಿ. ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುತ್ತದೆ, ಬಿಚ್ಚಿದ ಕ್ರಮದಲ್ಲೇ ರಟ್ಟಿನ ಮೇಲೆ ಚುಚ್ಚಿಡಿ. ಕೈಪಿಡಿ ಒಂದೇ ಸಲ ಬಳಸಲು ಹೇಳಿದ ಬೋಲ್ಟನ್ನು ಮರಳಿ ಹಾಕಬೇಡಿ.

ಹೊಸದನ್ನು ಕೂರಿಸುವಾಗ ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ನಾಲ್ಕೈದು ಸುತ್ತು ಹಾಕಿ. ಬೋಲ್ಟ್ ತೂತಿಗೆ ಸೇರದಿದ್ದರೆ ಜಾಕನ್ನು ಒಂದೆರಡು ಮಿಲಿಮೀಟರ್ ಆಡಿಸಿ ದಾರಿಗೆ ತನ್ನಿ. ಬೋಲ್ಟಿನಿಂದಲೇ ಎಳೆದು ಕೂರಿಸಿದರೆ ಅಲ್ಯೂಮಿನಿಯಂನ ತಿರುಪಿನ ಮರೆ ಸವೆದುಹೋಗುತ್ತದೆ. ಇಂಪ್ಯಾಕ್ಟ್ ಗನ್ ಪಕ್ಕಕ್ಕಿಡಿ. ಆಮೇಲೆ ಭಾರ ಹೊರುವ ಎರಡನ್ನು ಮೊದಲು ಬಿಗಿದು, ಮುಂದಿನ ಹಿಂದಿನವುಗಳ ನಡು ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಡಿ. ಜಾಕ್ ತೆಗೆಯಿರಿ, ಗಾಡಿ ಚಕ್ರದ ಮೇಲೆ ನಿಲ್ಲಲಿ. ಎಂಜಿನ್ ಆರಿಸಿದ್ದಾಗಲೇ ಅದನ್ನು ಹಿಂದೆ ಮುಂದೆ ನಾಲ್ಕೈದು ಸಲ ಕುಲುಕಿ, ತಾನೇ ಬಯಸಿದ ಜಾಗಕ್ಕೆ ಬಂದು ನಿಲ್ಲಲು ಬಿಡಿ. ಹ್ಯಾಂಡ್‌ಬ್ರೇಕ್ ಹಾಕಿ ಎನ್‌ನಲ್ಲಿ ಒಂದು ನಿಮಿಷ ಐಡಲ್ ಓಡಿಸುವ ಕ್ರಮವೂ ಕೆಲವು ಕೈಪಿಡಿಗಳಲ್ಲಿದೆ. ನಂತರ ಎಂಜಿನ್ ಆರಿಸಿ, ಟಾರ್ಕ್ ರೆಂಚಿನಿಂದ ಉಳಿದವನ್ನು ಬಿಗಿಯಿರಿ. ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಕೈಗೊಂದು ಅಂದಾಜು ಬೇಕಾದರೆ 8.8 ದರ್ಜೆಯ ಎಂ10 ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್, ಎಂ12ಕ್ಕೆ 80ರ ಆಸುಪಾಸು. ಬೆಲ್ಟ್ ಕೆಲಸದ ನಂತರ ಶುರುವಾದ ಅದುರಾಟಕ್ಕೂ ಇದೇ ಮದ್ದು: ಎಂಜಿನ್ನಿಗೆ ಮೊದಲು ಆಧಾರ ಕೊಟ್ಟು, ಸಡಿಲಿಸಿ, ಕುಲುಕಿ, ಮತ್ತೆ ಬಿಗಿಯುವುದು.

ಮುಗಿದ ಮೇಲೆ ಅರ್ಥ್ ಪಟ್ಟಿ, ಹೋಸ್, ವೈರ್ ಯಾವುದೂ ಬಿಗಿಯಾಗಿ ಎಳೆದುಕೊಂಡಿಲ್ಲವೆಂದು ನೋಡಿ. ಕುಸಿದಿದ್ದ ಎಂಜಿನ್ ಈಗ ಒಂದು ಬೆರಳು ಮೇಲೆದ್ದಿರುತ್ತದೆ. ಕೆಳಗಿನ ಎತ್ತರಕ್ಕೆ ಒಗ್ಗಿಹೋಗಿದ್ದ ಎಕ್ಸಾಸ್ಟ್ ಪೈಪ್ ಈಗ ಬಾಡಿಯ ತಗಡಿಗೆ ತಾಗಬಹುದು. ಹೊಸ ಮೌಂಟ್ ಹಾಕಿಯೂ ಉಳಿದ ಸಣ್ಣ ಗುಂಯ್‌ಗೆ ಬಹಳ ಸಲ ಕಾರಣ ಇದೇ. ಎಕ್ಸಾಸ್ಟ್‌ನ ಜೋಡಣೆಗಳನ್ನು ಸಡಿಲಿಸಿ, ಪೈಪ್ ತಾನಾಗಿ ತೂಗುವಂತೆ ಬಿಟ್ಟು, ಎಂಜಿನ್ ಕಡೆಯಿಂದ ಶುರುಮಾಡಿ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತಾ ಬನ್ನಿ.